ಅರ್ಧರಾತ್ರಿಯ ಕರೆಗೆ ಓಗೊಡುವವರು

ಕಳೆದ ವಾರ ನಮ್ಮ ಕಚೇರಿಗೆ ಹಿರಿಯರೊಬ್ಬರು ದಯಮಾಡಿಸಿದ್ದರು. ನಿವೃತ್ತ ಉಪಾಧ್ಯಾಯರು, ಮೂವತ್ತು ವರ್ಷಗಳಿಂದ ಈ ಪತ್ರಿಕೆಯ ಚಂದಾದಾರರು. ಅವರ ಮೊಮ್ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ನಾಲ್ಕು ದಿನ ಯಾರೊಡನೆಯೂ ಮಾತಾಡದೆ ಇದ್ದು, ಐದನೆಯ ರಾತ್ರಿ "ನಾನು ಇನ್ನು ಇರಲಾರೆ, ತಾತ" ಎಂದುಬಿಟ್ಟನಂತೆ. ಊರಿನ ವೈದ್ಯರ ಮನೆಗೆ ಬೀಗ. ಜಿಲ್ಲಾ ಆಸ್ಪತ್ರೆ ನಲವತ್ತು ಮೈಲಿ ದೂರ. ಪೊಲೀಸರಿಗೆ ತಿಳಿದರೆ ಮೊಕದ್ದಮೆಯಾದೀತೆಂಬ ಭಯ. ನೆಂಟರಿಗೆ ತಿಳಿದರೆ ಮಾನ ಹೋದೀತೆಂಬ ಅಳುಕು. ವೃದ್ಧರು ಬೆಳಗಾಗುವವರೆಗೂ ಹುಡುಗನ ಕೈಹಿಡಿದು ಕುಳಿತಿದ್ದರು. ಹುಡುಗನು ಉಳಿದನು, ಈಗ ಚಿಕಿತ್ಸೆಯಲ್ಲಿದ್ದಾನೆ. ಇಷ್ಟನ್ನು ಹೇಳಿ ಅವರು ನಮ್ಮನ್ನು ಕೇಳಿದ್ದು ಒಂದೇ ಮಾತು: "೧೪೪೧೬ ಎಂಬ ಸಂಖ್ಯೆಯೊಂದು ೨೦೨೨ರಿಂದಲೂ ಇದೆಯಂತೆ, ಸ್ವಾಮಿ. ನಿಮ್ಮ ಪತ್ರಿಕೆಯನ್ನು ದಿನವೂ ಮೊದಲಿನಿಂದ ಕೊನೆಯವರೆಗೆ ಓದುವವನು ನಾನು. ಇಂಥ ಸಾವುಗಳ ಸುದ್ದಿಯನ್ನು ಎಷ್ಟೋ ಸಲ ಓದಿದ್ದೇನೆ. ಆ ಸಂಖ್ಯೆ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ?"

ಅವರಿಗೆ ಕೊಡತಕ್ಕ ಉತ್ತರವು ನಮ್ಮಲ್ಲಿರಲಿಲ್ಲ. ಅವರು ಹೋದ ಬಳಿಕ ಹಳೆಯ ಸಂಚಿಕೆಗಳನ್ನು ತೆಗೆಸಿ ನೋಡಿದೆವು. ಮೃತರ ಹೆಸರು, ಊರು, ಕಾರಣವೆಂದು ಜನರು ಆಡಿಕೊಂಡದ್ದು, ಪ್ರಾಣಬಿಟ್ಟ ಬಗೆ, ಎಲ್ಲವನ್ನೂ ನಾವು ವಿವರವಾಗಿ ಅಚ್ಚುಹಾಕಿದ್ದೆವು. ಬದುಕುವ ದಾರಿಯನ್ನು ತೋರಿಸುವ ಐದು ಅಂಕಿಗಳಿಗೆ ಮಾತ್ರ ನಮ್ಮಲ್ಲಿ ಸ್ಥಳವಿರಲಿಲ್ಲ. ಇಂಥ ಸುದ್ದಿಯನ್ನು ಹೇಗೆ ಬರೆಯಬೇಕು, ಹೇಗೆ ಬರೆಯಕೂಡದು ಎಂಬುದನ್ನು ಭಾರತೀಯ ಪತ್ರಿಕಾ ಮಂಡಳಿಯು ೨೦೧೯ರಲ್ಲಿಯೇ ತಿಳಿಸಿರುವಾಗ, ನಾವು ತಿಳಿಯದೆ ಮಾಡಿದೆವೆಂದು ಹೇಳಿಕೊಳ್ಳುವುದಕ್ಕೂ ಅವಕಾಶವಿಲ್ಲ. ಪರರ ದೋಷವನ್ನು ನಿತ್ಯವೂ ಎಣಿಸುವ ಪತ್ರಿಕೆಯು ತನ್ನ ದೋಷವನ್ನು ಒಪ್ಪಿಕೊಳ್ಳುವುದಕ್ಕೆ ನಾಚಬಾರದು.

ವಿಷಯವು ಅಲ್ಪವಾದುದಲ್ಲ. ಸರ್ಕಾರದ ಅಪರಾಧ ದಾಖಲೆಗಳ ಲೆಕ್ಕದಂತೆ ೨೦೨೨ನೆಯ ವರ್ಷವೊಂದರಲ್ಲಿಯೇ ಭಾರತದಲ್ಲಿ ೧,೭೦,೯೨೪ ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದ ಪಾಲು ೧೩,೬೦೬. ಎಂದರೆ ದಿನವೊಂದಕ್ಕೆ ಸುಮಾರು ೩೭ ಮಂದಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಿಂದ, ಮನಸ್ಸಿನ ಕಾಯಿಲೆಗಳಿಗೆ ಗುರಿಯಾದವರಲ್ಲಿ ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ ೭೦ರಿಂದ ೯೨ ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ತಿಳಿದುಬಂದಿತು. ಮೈಗೆ ಜ್ವರ ಬಂದರೆ ಊರೆಲ್ಲ ಮದ್ದು ಹೇಳುವ ನಾಡಿನಲ್ಲಿ, ಮನಸ್ಸಿಗೆ ಜ್ವರ ಬಂದವನು ಬಾಯಿಬಿಡುವುದಕ್ಕೂ ಅಂಜುತ್ತಾನೆ.

ಈ ಕೊರತೆಯನ್ನು ನೀಗುವುದಕ್ಕಾಗಿ ಏರ್ಪಟ್ಟದ್ದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ. ೨೦೨೨ರ ಕೇಂದ್ರ ಆಯವ್ಯಯ ಪತ್ರದಲ್ಲಿ ಪ್ರಕಟವಾದ ಈ ಯೋಜನೆಯು ಅದೇ ವರ್ಷ ಅಕ್ಟೋಬರ್ ೧೦ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಲ್ಲಿ, ಪ್ರಾರಂಭವಾಯಿತು. ದೇಶಕ್ಕೆಲ್ಲ ಇದರ ಮೇಲ್ವಿಚಾರಣೆಯು ನಮ್ಮ ನಿಮ್ಹಾನ್ಸ್ ಸಂಸ್ಥೆಗೆ ಸೇರಿದ್ದೆಂಬುದು ಕನ್ನಡಿಗರು ಸಂತೋಷಪಡತಕ್ಕ ಸಂಗತಿ. ಹಗಲಿರುಳೆನ್ನದೆ ೧೪೪೧೬ಕ್ಕೆ ಕರೆ ಮಾಡಿ ತಮ್ಮ ಭಾಷೆಯನ್ನು ಆರಿಸಿಕೊಂಡರೆ ತರಬೇತಿ ಹೊಂದಿದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಸ್ಥಿತಿಯು ವಿಷಮವಾಗಿದ್ದರೆ ಕರೆಯನ್ನು ತಜ್ಞವೈದ್ಯರಿಗೆ ದಾಟಿಸುತ್ತಾರೆ. ಆಸ್ಪತ್ರೆಯ ಅವಶ್ಯಕತೆಯಿದ್ದರೆ ಸಮೀಪದ ಸ್ಥಳವನ್ನು ತಿಳಿಸುತ್ತಾರೆ. ಇದಕ್ಕೆ ಕಾಸೂ ಕೊಡಬೇಕಾದ್ದಿಲ್ಲ. ಪ್ರಾಣಕ್ಕೆ ಆ ಕ್ಷಣದಲ್ಲಿಯೇ ಅಪಾಯ ಒದಗಿದ್ದರೆ ಮಾತ್ರ ತಡಮಾಡದೆ ೧೧೨ಕ್ಕೆ ಕರೆ ಮಾಡತಕ್ಕದ್ದು.

ಬರಿಯ ಮಾತಿನಿಂದ ಏನಾದೀತು ಎಂದು ಕೇಳುವ ಮಹನೀಯರುಂಟು. ಅವರು ಲಂಡನ್ನಿನ ಒಂದು ವೃತ್ತಾಂತವನ್ನು ಗಮನಿಸಬೇಕು. ಚಾಡ್ ವಾರಾ ಎಂಬ ಪಾದ್ರಿಯು ತನ್ನ ಯೌವನದಲ್ಲಿ, ೧೯೩೫ರಲ್ಲಿ, ಹದಿನಾಲ್ಕು ವರ್ಷದ ಬಾಲೆಯೊಬ್ಬಳ ಉತ್ತರಕ್ರಿಯೆಯನ್ನು ನಡೆಸಬೇಕಾಯಿತು. ಪ್ರಾಯಕ್ಕೆ ಬಂದಾಗ ಆಗುವ ಸಹಜವಾದ ದೇಹಧರ್ಮವನ್ನೇ ಭಯಂಕರ ರೋಗವೆಂದು ಭ್ರಮಿಸಿ, ಕೇಳುವುದಕ್ಕೆ ಯಾರೂ ಇಲ್ಲದೆ ಆಕೆ ಪ್ರಾಣ ಕಳೆದುಕೊಂಡಿದ್ದಳು. ಆ ನೋವನ್ನು ಮರೆಯದೆ ಆತನು ೧೯೫೩ರಲ್ಲಿ, ಸಂಕಟದಲ್ಲಿರುವವರು ಕರೆ ಮಾಡಲೆಂದು ದೂರವಾಣಿ ಸೇವೆಯೊಂದನ್ನು ಆರಂಭಿಸಿದನು. ಸಮಾರಿಟನ್ಸ್ ಎಂಬ ಸಂಸ್ಥೆಯ ಮೂಲವದು. ತನ್ನನ್ನು ಕಾಣಲು ಬಂದು ಕಾದು ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು, ಅವರು ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಾಗ, ಅನೇಕರಿಗೆ ಪಾದ್ರಿಯ ಉಪದೇಶವೇ ಬೇಕಾಗದೆ ಹೋದದ್ದನ್ನು ಆತನು ಕಂಡನು. ತಾಳ್ಮೆಯಿಂದ ಕೇಳುವ ಕಿವಿಯು ಒಮ್ಮೊಮ್ಮೆ ಔಷಧಕ್ಕಿಂತ ಮೊದಲು ತಲುಪುತ್ತದೆ. ಸಾಯಬೇಕೆಂಬ ಆವೇಗವು ಬಹುಮಟ್ಟಿಗೆ ಹೊಳೆಯ ಸೆಳವಿನಂತಹದು. ಅದು ಇಳಿಯುವವರೆಗೆ ಹಿಡಿದಿರುವ ಕೈಯೊಂದು ಬೇಕು.

ಇನ್ನು ಕಾನೂನಿನ ಭಯದ ವಿಚಾರ. ಆಂಗ್ಲ ಪ್ರಭುತ್ವವು ೧೮೬೦ರಲ್ಲಿ ಮಾಡಿದ ದಂಡಸಂಹಿತೆಯ ೩೦೯ನೆಯ ಕಲಮು, ಸಾಯಲು ಯತ್ನಿಸಿ ಬದುಕಿದವನನ್ನು ಅಪರಾಧಿಯೆಂದು ಎಣಿಸುತ್ತಿತ್ತು. ಬೆಂದವನನ್ನು ಬೆಂಕಿ ಮುಟ್ಟಿದನೆಂದು ದಂಡಿಸುವ ಈ ನ್ಯಾಯವು ಸ್ವರಾಜ್ಯ ಬಂದ ಮೇಲೂ ಬಹುಕಾಲ ಉಳಿಯಿತೆಂಬುದು ವಿಷಾದದ ಸಂಗತಿ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ೧೧೫ನೆಯ ಕಲಮು, ಅಂಥವರು ತೀವ್ರವಾದ ಮನೋವ್ಯಥೆಯಲ್ಲಿದ್ದರೆಂದೇ ಭಾವಿಸಿ, ಅವರನ್ನು ದಂಡಿಸಬಾರದೆಂದೂ ಅವರ ಆರೈಕೆಯು ಸರ್ಕಾರದ ಹೊಣೆಯೆಂದೂ ವಿಧಿಸಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ; ಸರ್ಕಾರಿ ನೌಕರರ ಕರ್ತವ್ಯಕ್ಕೆ ತಡೆಯೊಡ್ಡುವ ಅಥವಾ ಅವರನ್ನು ಬಲವಂತಪಡಿಸುವ ಉದ್ದೇಶದಿಂದ ಮಾಡುವ ಯತ್ನವೊಂದನ್ನು ಮಾತ್ರ ಬೇರೆಯಾಗಿ ಅಪರಾಧವೆಂದು ಇಟ್ಟಿದ್ದಾರೆ. ಆದರೆ ಪುಸ್ತಕದಿಂದ ಅಳಿದ ಕಾನೂನು ಜನರ ಮನಸ್ಸಿನಿಂದ ಅಳಿದಿಲ್ಲ. ನಮ್ಮ ಉಪಾಧ್ಯಾಯರು ಆ ರಾತ್ರಿ ಅಂಜಿದ್ದು ಈ ಸತ್ತ ಕಾನೂನಿಗೇ!

ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ವಿಜ್ಞಾಪನೆಯಿದು. ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ನ್ಯಾಯಬೆಲೆ ಅಂಗಡಿ, ಸಹಕಾರ ಸಂಘ, ಶಾಲೆ ಕಾಲೇಜುಗಳ ಗೋಡೆಗಳ ಮೇಲೆ ಈ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬರೆಸಬೇಕು. ಪರೀಕ್ಷೆಯ ಪ್ರವೇಶಪತ್ರದ ಮೇಲೂ ಅಂಕಪಟ್ಟಿಯ ಮೇಲೂ ಅಚ್ಚುಹಾಕಿಸಬೇಕು. ಕರೆಯನ್ನು ಸ್ವೀಕರಿಸುವ ಸಮಾಲೋಚಕರಿಗೆ ತಕ್ಕ ಸಂಬಳವೂ ವಿಶ್ರಾಂತಿಯೂ ಇರಬೇಕು. ಬೀದರಿನವನ ಕನ್ನಡವನ್ನೂ ಕುಂದಾಪುರದವನ ಕನ್ನಡವನ್ನೂ ಅವರು ಅರಿಯಬಲ್ಲವರಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದೂರದ ಧ್ವನಿಯ ಹಿಂದೆ ಹತ್ತಿರದ ಕೈಯಿರಬೇಕು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ಮನೋರೋಗಗಳ ಚಿಕಿತ್ಸೆಯನ್ನು ನಿಮ್ಹಾನ್ಸಿನವರು ಪ್ರಯೋಗಿಸಿ ನೋಡಿದ್ದೇ, ೧೯೯೬ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಶಕ್ಕೆ ಮೇಲ್ಪಂಕ್ತಿ ಹಾಕಿದ ನಾಡಿನಲ್ಲಿ ವೈದ್ಯರ ಹುದ್ದೆಗಳು ತೆರವಾಗಿ ಉಳಿಯಬಾರದು.

ಗೃಹಸ್ಥರಲ್ಲಿಯೂ ಒಂದೆರಡು ಮಾತು. ಮನೆಯಲ್ಲಿ ಯಾರಾದರೂ ಬದುಕು ಸಾಕೆಂದರೆ ಅದನ್ನು ಹಟವೆಂದೋ ನಾಟಕವೆಂದೋ ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೃದುವಾಗಿ, ಆದರೆ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲವೆಂದು ತಜ್ಞರು ಹೇಳುತ್ತಾರೆ. ಉಪದೇಶವನ್ನು ನಾಳೆಗಿಡಿ, ಇಂದು ಕಿವಿಗೊಡಿ. ಒಬ್ಬರನ್ನೇ ಬಿಡಬೇಡಿ, ಅಪಾಯಕರವಾದ ವಸ್ತುಗಳನ್ನು ಕೈಗೆಟುಕದಂತೆ ತೆಗೆದಿಡಿ. ಅವರು ಕರೆ ಮಾಡಲಾರದಿದ್ದರೆ ನೀವೇ ಮಾಡಿ, ಪಕ್ಕದಲ್ಲಿ ಕುಳಿತಿರಿ.

ನಮ್ಮ ಪಾಲಿನ ಪ್ರಾಯಶ್ಚಿತ್ತವೇನು? ಇಂದಿನಿಂದ ಈ ಪತ್ರಿಕೆಯಲ್ಲಿ ಇಂಥ ಸಾವಿನ ಬಗೆಯನ್ನು ವರ್ಣಿಸುವುದಿಲ್ಲ. ಅದನ್ನು ಮೊದಲ ಪುಟದಲ್ಲಿ ಮೆರೆಯಿಸುವುದಿಲ್ಲ. ಅಂಥ ಪ್ರತಿಯೊಂದು ಸುದ್ದಿಯ ಕೆಳಗೂ ೧೪೪೧೬ ಎಂಬ ಸಂಖ್ಯೆಯನ್ನು ತಪ್ಪದೆ ಮುದ್ರಿಸುತ್ತೇವೆ. ತಪ್ಪಿದರೆ ಆ ಉಪಾಧ್ಯಾಯರು ಮತ್ತೊಮ್ಮೆ ನಮ್ಮ ಕಚೇರಿಯ ಮೆಟ್ಟಿಲನ್ನು ಹತ್ತಿ ನಮ್ಮನ್ನು ಕೇಳಲಿ. ವಾಚಕ ಮಹಾಶಯರು ಈ ಪುಟದಿಂದ ಬೇರೇನನ್ನು ಮರೆತರೂ ಚಿಂತೆಯಿಲ್ಲ; ಈ ಐದು ಅಂಕಿಗಳನ್ನು ಕತ್ತರಿಸಿ, ದಿನವೂ ಕಣ್ಣಿಗೆ ಬೀಳುವಂತೆ ಗೋಡೆಯ ಪಂಚಾಂಗದ ಪಕ್ಕದಲ್ಲಿ ಅಂಟಿಸಿಕೊಳ್ಳಲಿ.