ಸ್ತೋತ್ರ ಬಾಯಿಗೆ ಬೀಗವಲ್ಲ

ದಿನವೂ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ನಮ್ಮ ಕ್ರೈಸ್ತ ಮನೆಗಳಲ್ಲಿ ಒಲೆ ಹೊತ್ತಿಸುವ ಮೊದಲೊಂದು ಸ್ತೋತ್ರ, ತಾಟಿನ ಮುಂದೆ ಕೂತಾಗೊಂದು ಸ್ತೋತ್ರ, ಮಲಗುವ ಮುಂಚೆ ಮತ್ತೊಂದು. ಒಳ್ಳೆಯ ರೂಢಿಯೇ. ಉಂಡದ್ದನ್ನು ನೆನೆಯದವರನ್ನು ಯಾವ ಧರ್ಮ ತಾನೇ ಮೆಚ್ಚೀತು? ನನ್ನ ತಕರಾರು ಇಷ್ಟೇ: ನನ್ನ ಬಾಯಿಂದ ಬರಬೇಕಾದ ಸ್ತೋತ್ರವನ್ನು ಇನ್ನೊಬ್ಬಳ ಬಾಯಿಗೆ ಬೀಗವಾಗಿ ಹಾಕಬಾರದು.

ಕಲಬುರಗಿಯ ಬಡಾವಣೆಗಳಲ್ಲಿ ನಡೆಯುವ ಮನೆ ಪ್ರಾರ್ಥನೆಗಳಿಗೆ ಹೋಗುವವರಿಗೆ ನಾನು ಹೇಳುವುದು ಹೊಸದೇನೂ ಅಲ್ಲ. ಗಂಡ ಕುಡಿದು ಬಂದು ಹೊಡೆಯುತ್ತಾನೆ ಎಂದು ಒಬ್ಬಳು ಕಣ್ಣೀರಿಡುತ್ತಾಳೆ. "ಸ್ತೋತ್ರ ಹೇಳವ್ವಾ, ಬಿಟ್ಟು ಹೋಗಿಲ್ಲಲ್ಲ, ಅದೇ ದೊಡ್ಡ ಉಪಕಾರ" ಎಂಬ ಉತ್ತರ ಬರುತ್ತದೆ. ಮೂರು ತಿಂಗಳಿಂದ ಪಗಾರ ಆಗಿಲ್ಲ ಎಂದು ಇನ್ನೊಬ್ಬಳು ಹೇಳಿದರೆ, "ನೌಕರಿಯರೆ ಅದಲ್ಲ, ಸ್ತೋತ್ರ ಹೇಳು" ಎನ್ನುತ್ತಾರೆ. ಈ ಉಪದೇಶ ಗಂಡಸರ ಪಾಲಿಗೆ ಬರುವುದು ಅಪರೂಪ. ಸಹನೆಯೂ ಕೃತಜ್ಞತೆಯೂ ಹೆಣ್ಣಿನ ಸೀರೆಯ ಸೆರಗಿಗೇ ಕಟ್ಟಿದ ಗಂಟುಗಳೇ?

ಇದಕ್ಕೆಲ್ಲ ಪೌಲನ ಮಾತನ್ನು ಆಧಾರ ಕೊಡುತ್ತಾರೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಅವನು ಕೃತಜ್ಞತೆ ಸಲ್ಲಿಸಲು ಹೇಳಿದ್ದು ನಿಜ. ಆದರೆ ಅಲ್ಲಿರುವುದು 'ಎಲ್ಲದರಲ್ಲಿಯೂ', 'ಎಲ್ಲದಕ್ಕೂ' ಅಲ್ಲ. ವಿಭಕ್ತಿ ಕಲಿಸಿ ಬಾಯಿ ಒಣಗಿಸಿಕೊಂಡ ನನಗೆ ಈ ವ್ಯತ್ಯಾಸ ಸಣ್ಣದಾಗಿ ಕಾಣುವುದಿಲ್ಲ. ಕಷ್ಟದಲ್ಲಿದ್ದಾಗಲೂ ದೇವರನ್ನು ನೆನೆಯುವುದು ಭಕ್ತಿ. ಹೊಡೆತಕ್ಕಾಗಿ ದೇವರನ್ನು ವಂದಿಸುವುದು ಯಾವ ಭಕ್ತಿ? 'ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಎಲ್ಲದಕ್ಕಾಗಿ ಎಂದೇ ಇದೆಯಲ್ಲ' ಎನ್ನುವವರು ಅದೇ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಲಿ. ಕತ್ತಲೆಯ ಕೃತ್ಯಗಳಲ್ಲಿ ಪಾಲುಗೊಳ್ಳದೆ ಅವನ್ನು ಬಯಲಿಗೆಳೆಯಿರಿ ಎಂಬ ಅರ್ಥದ ಮಾತೂ ಅಲ್ಲಿದೆ.

ಪೌಲನ ಬದುಕನ್ನೇ ನೋಡಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಛಡಿ ಏಟು ತಿಂದು, ಕಾಲಿಗೆ ಕೋಳ ಬಿದ್ದಿದ್ದಾಗ ಅವನೂ ಸೀಲನೂ ನಡುರಾತ್ರಿ ದೇವರನ್ನು ಸ್ತುತಿಸಿದರು. ಈ ಕಥೆಯನ್ನು ನಾವು ಮಕ್ಕಳಿಗೆ ಚೆನ್ನಾಗಿ ಹೇಳುತ್ತೇವೆ, ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳುವುದಿಲ್ಲ. 'ಬಿಡುಗಡೆಯಾಯಿತು, ಹೋಗಿ' ಎಂದು ಅಧಿಕಾರಿಗಳು ಹೇಳಿ ಕಳಿಸಿದಾಗ ಪೌಲ ಸುಮ್ಮನೆ ಎದ್ದು ಹೋಗಲಿಲ್ಲ. ವಿಚಾರಣೆ ಇಲ್ಲದೆ ಬಹಿರಂಗವಾಗಿ ಹೊಡೆದವರು ಈಗ ಗುಟ್ಟಾಗಿ ಸಾಗಹಾಕುವರೋ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಅವರು ಬರಲೇಬೇಕಾಯಿತು. ರಾತ್ರಿ ಸ್ತೋತ್ರ, ಬೆಳಿಗ್ಗೆ ನ್ಯಾಯದ ಕೇಳಿಕೆ. ಎರಡೂ ಒಂದೇ ಬಾಯಿಂದ ಬಂದವು.

ಇನ್ನೊಂದು ಬಗೆಯ ಸ್ತೋತ್ರವಿದೆ, ಪಕ್ಕದ ಮನೆಯ ದುಃಖದ ಮೇಲೆ ಕಟ್ಟಿದ್ದು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯ ಹೆಸರಿನಲ್ಲಿ ದಾಖಲಾಯಿತು. ಆಮೇಲಿನ ದಿನಗಳಲ್ಲಿ 'ದೇವರ ದಯೆ, ನಮ್ಮ ಮನೆಗೆ ಬರಲಿಲ್ಲ' ಎಂಬ ಸಾಕ್ಷಿಗಳನ್ನು ಎಷ್ಟು ಕೇಳಿದೆವು! ತಂದೆಯನ್ನು ಕಳೆದುಕೊಂಡ ಹುಡುಗಿ ಅದೇ ಚಾಪೆಯ ಮೇಲೆ ಕೂತಿದ್ದರೆ ಅವಳು ಏನೆಂದುಕೊಳ್ಳಬೇಕು? ಅವಳ ಮನೆಯ ಮೇಲೆ ದೇವರಿಗೆ ಸಿಟ್ಟಿತ್ತೇ? ದೇವಾಲಯದಲ್ಲಿ ನಿಂತು, 'ನಾನು ಈ ಸುಂಕದವನ ಹಾಗಿಲ್ಲ' ಎಂದು ವಂದನೆ ಸಲ್ಲಿಸಿದ ಫರಿಸಾಯನ ಪ್ರಾರ್ಥನೆಯೂ ಕೃತಜ್ಞತೆಯ ಪ್ರಾರ್ಥನೆಯೇ ಆಗಿತ್ತು. ಯೇಸು ಅದನ್ನು ಮೆಚ್ಚಲಿಲ್ಲ.

ಹಾಗಾದರೆ ನಿಜವಾದ ಸ್ತೋತ್ರದ ಗುರುತೇನು? ನಾನು ಪಾಠ ಮಾಡಿದ ಕಮಲಾಪುರದ ಕಡೆ ನೋಡಿ. ಅಲ್ಲಿನ ಕೆಂಪು ಬಾಳೆಗೆ ಜಿ.ಐ. ಮಾನ್ಯತೆ ಇದೆ, ಕಲಬುರಗಿ ತೊಗರಿಗೂ 2019ರಲ್ಲಿ ಸಿಕ್ಕಿತು. ಸುಗ್ಗಿಯ ಆರಾಧನೆಯ ದಿನ ಬಾಳೆಗೊನೆ, ತೊಗರಿ, ಜೋಳವನ್ನು ವೇದಿಕೆಯ ಮುಂದಿಟ್ಟು ಹಾಡುವುದು ಚೆಂದ. ಆದರೆ ಆ ತೊಗರಿ ಹೊಲದಲ್ಲಿ ಬಗ್ಗಿ ಕಳೆ ತೆಗೆದವಳ ಕೂಲಿ ಎಷ್ಟು? ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಕಾನೂನು 1976ರಲ್ಲಿಯೇ ಬಂತು. ಇಂದಿಗೂ ಅನೇಕ ಹೊಲಗಳಲ್ಲಿ ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನಲ್ಲಿ ಉಳಿಯಬಾರದು ಎಂದು ಯಾಜಕಕಾಂಡ ವಿಧಿಸುತ್ತದೆ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಕೊಯ್ಲಿನವರ ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಎಚ್ಚರಿಸುತ್ತಾನೆ. ನಮ್ಮ ಹಾಡಿನ ಸದ್ದಿನಲ್ಲಿ ಆ ಕೂಗು ಮುಚ್ಚಿಹೋಗುತ್ತದೆಂದು ತಿಳಿಯಬೇಡಿ.

ಪಟ್ಟಣದ ಅಕ್ಕತಂಗಿಯರೇ, ಹೊಲ ನಮ್ಮದಲ್ಲ ಎಂದು ನಾವು ತಪ್ಪಿಸಿಕೊಳ್ಳುವಂತಿಲ್ಲ. ಪಾತ್ರೆ ತಿಕ್ಕುವವಳ ಪಗಾರ ಹತ್ತನೇ ತಾರೀಖಿಗೆ ದಾಟಿಸಿ, ಅವಳು ಜ್ವರದಲ್ಲಿ ಮಲಗಿದ ಎರಡು ದಿನದ ಹಣ ಮುರಿದುಕೊಂಡು, ಸಂಜೆ ದೀಪದ ಕೆಳಗೆ 'ದೇವರೇ, ಏನೂ ಕೊರತೆಯಿಲ್ಲದೆ ನಡೆಸಿದಿ' ಎಂದರೆ ಆ ಲೆಕ್ಕ ಕೂಡಿ ಬರುವುದಿಲ್ಲ. ದಾಸೋಹದ ಹೆಸರು ಹೊತ್ತ ಈ ಕಲಬುರಗಿಯಲ್ಲಿ, ದೇವರ ಉಪಕಾರ ಮನುಷ್ಯರ ಕೈ ದಾಟಿಯೇ ಬರುತ್ತದೆಂದು ವಿವರಿಸಬೇಕಾಗಿಲ್ಲ.

ದಿನವೂ ಸ್ತೋತ್ರ ಹೇಳೋಣ. ಹೇಳುವಾಗ ಆ ದಿನ ನಮಗೆ ಉಣಿಸಿದ, ದುಡಿದುಕೊಟ್ಟ ಒಂದು ಕೈಯ ಹೆಸರು ಹಿಡಿಯೋಣ. ಆ ಕೈಗೆ ಬಾಕಿ ಇದ್ದರೆ ಮೊದಲು ತೀರಿಸೋಣ. ಅಳುತ್ತ ಬಂದವಳಿಗೆ 'ಸ್ತೋತ್ರ ಹೇಳು' ಎನ್ನುವ ಮೊದಲು 'ಏನಾಯಿತು ಹೇಳು' ಎನ್ನೋಣ. ಬೇಕಾದರೆ ಅವಳ ಜೊತೆ ಠಾಣೆಗೂ ನಡೆಯೋಣ. ಕೀರ್ತನೆಗಳ ಪುಸ್ತಕದಲ್ಲಿ ಹಾಡಿನಷ್ಟೇ ಅಳುವೂ ಇದೆ. ಅಳುವವರನ್ನು ದೇವರು ಅಲ್ಲಿಂದ ಎಬ್ಬಿಸಿ ಕಳಿಸಿಲ್ಲ. ನಾವು ಕಳಿಸಲು ಯಾರು?