ವಿನ್ಯಾಸವು ಅಲಂಕಾರವಲ್ಲ

ಯಾವುದಾದರೊಂದು ಪದಾರ್ಥವನ್ನು ನಿರ್ಮಿಸತಕ್ಕವರು ಮೊದಲು ಅದರ ಬಲವನ್ನೂ ಬೆಲೆಯನ್ನೂ ನಿಶ್ಚಯಿಸಿಕೊಂಡು, ಎಲ್ಲವೂ ಮುಗಿದ ಬಳಿಕ ವಿನ್ಯಾಸಕಾರನನ್ನು ಕರೆದು "ಇದಕ್ಕೊಂದು ಅಂದವನ್ನು ಕೊಡು" ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಗೋಡೆ ಎದ್ದ ಮೇಲೆ ಸುಣ್ಣ ಬಳಿಯುವಂತೆ ವಿನ್ಯಾಸವು ಕಟ್ಟಕಡೆಯ ಕೆಲಸವೆಂದು ಇವರ ಮತ. ಈ ಮತವು ತಪ್ಪು ಮಾತ್ರವಲ್ಲ, ಅನರ್ಥಕಾರಿಯೂ ಹೌದು; ಏಕೆಂದರೆ ಇದರ ದಂಡವನ್ನು ತೆರುವವನು ನಿರ್ಮಾಪಕನಲ್ಲ, ವಸ್ತುವನ್ನು ಬಳಸುವವನು.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಪ್ರತಿಪಾದಿಸಿದನು. ಯಾವುದು ಯಾರಿಗೆ, ಎಲ್ಲಿ, ಎಂತು ತಕ್ಕುದೆಂಬ ವಿವೇಕವಿಲ್ಲದಿದ್ದರೆ ಗುಣವೂ ದೋಷವಾಗಿ ಪರಿಣಮಿಸುತ್ತದೆ. ಕಾವ್ಯಕ್ಕೆ ಸಲ್ಲುವ ಈ ನ್ಯಾಯವು ಕೈಯಲ್ಲಿ ಹಿಡಿಯುವ, ಕಾಲಿಗೆ ತೊಡುವ ವಸ್ತುವಿಗೇಕೆ ಸಲ್ಲಬಾರದು? ವಿನ್ಯಾಸವೆಂಬುದು ಈ ಔಚಿತ್ಯವಿಚಾರವೇ ಹೊರತು ಬೇರೆಯಲ್ಲ.

ನಿದರ್ಶನಕ್ಕೆ ಜಯಪುರದ ಕೃತಕ ಪಾದವನ್ನು ನೋಡಬಹುದು. 1960ರ ದಶಕದಲ್ಲಿ ಅಲ್ಲಿಯ ಸವಾಯ್ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರಿಗೆ ಪಾಶ್ಚಾತ್ಯ ಮಾದರಿಯ ಪಾದಗಳನ್ನು ಜೋಡಿಸುತ್ತಿದ್ದರು. ಅವುಗಳಲ್ಲಿ ಶಾಸ್ತ್ರೀಯ ಲೋಪವೇನೂ ಇರಲಿಲ್ಲ. ಬೂಟು ತೊಟ್ಟು ಸಮನೆಲದ ಮೇಲೆ ನಡೆಯುವವನಿಗೆ ಅವು ಸಾಕಾಗಿದ್ದವು. ಆದರೆ ನಮ್ಮ ರೈತನು ಬೂಟು ತೊಡುವವನಲ್ಲ. ಕೆಸರಿನಲ್ಲಿ ಬರಿಗಾಲಲ್ಲಿ ನಡೆಯುವವನು, ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುವವನು, ಚಕ್ಕಳಮಕ್ಕಳ ಹಾಕಿ ಉಣ್ಣುವವನು. ಒಳಗಿನ ಬಿರುಸಾದ ಮರದ ತುಂಡು ಇವಾವುದಕ್ಕೂ ಬಾಗಲೊಲ್ಲದು. ಆದಕಾರಣ ಹಲವರು ಆ ಪಾದವನ್ನು ಮೂಲೆಗಿಟ್ಟು ಮತ್ತೆ ಊರುಗೋಲಿಗೇ ಮರಳಿದರು.

ಹೆಚ್ಚಿನ ಶಾಲಾವಿದ್ಯೆಯಿಲ್ಲದ ಕುಶಲಶಿಲ್ಪಿ ರಾಮಚಂದ್ರ ಶರ್ಮರೂ ಮೂಳೆಶಸ್ತ್ರವೈದ್ಯ ಡಾಕ್ಟರ್ ಪಿ. ಕೆ. ಸೇಠಿಯವರೂ ಕೂಡಿ ಈ ಸಮಸ್ಯೆಯನ್ನು ಬುಡದಿಂದ ವಿಚಾರಿಸಿದರು. 1968ರ ಸುಮಾರಿಗೆ ಸಿದ್ಧವಾದ ಅವರ ಪಾದದಲ್ಲಿ ಹಿಮ್ಮಡಿಗೂ ಮುಂಗಾಲಿಗೂ ಹಗುರವಾದ ರಬ್ಬರು, ಹರಡಿನ ಕಡೆಗೆ ಮರ. ಇವೆಲ್ಲವನ್ನೂ ರಬ್ಬರಿನ ಹೊದಿಕೆಯಲ್ಲಿ ಸುತ್ತಿ, ಅಚ್ಚಿನೊಳಗೆ ಕಾಯಿಸಿ ಒಂದಾಗಿಸಿದ್ದರು. ಅದು ಎಲ್ಲ ಕಡೆಗೂ ಬಾಗುತ್ತದೆ, ನೀರಿಗೆ ಅಂಜುವುದಿಲ್ಲ, ಬೂಟನ್ನು ಬೇಡುವುದಿಲ್ಲ. ಬೆರಳುಗಳ ಆಕಾರವೂ ಉಂಟಾದುದರಿಂದ ನಾಲ್ವರ ಮುಂದೆ ಬರಿಗಾಲಲ್ಲಿ ನಿಲ್ಲಲು ನಾಚಿಕೆಯಿಲ್ಲ. ಇಲ್ಲಿ ಅಂದವು ಹೊರಗಿನಿಂದ ಅಂಟಿಸಿದ್ದಲ್ಲ, ಉಪಯೋಗದೊಳಗೇ ಹುಟ್ಟಿದ್ದು.

"ಅದು ಗೆದ್ದದ್ದು ಅಗ್ಗವಾದುದರಿಂದ" ಎಂದು ಕೆಲವರು ಆಕ್ಷೇಪಿಸುವುದುಂಟು. ಹಾಗಾದರೆ ಹಳೆಯ ಪಾದವನ್ನೇ ಪುಕ್ಕಟೆಯಾಗಿ ಹಂಚಿದ್ದರೆ ರೈತನು ಅದರೊಡನೆ ಕುಕ್ಕರಿಸಬಲ್ಲವನಾಗುತ್ತಿದ್ದನೇ? ಬೆಲೆಯ ಅಗ್ಗತನವು ವಸ್ತುವನ್ನು ಮನೆಯವರೆಗೆ ತರುತ್ತದೆ. ಔಚಿತ್ಯವು ಅದನ್ನು ಮನೆಯಲ್ಲಿ ಉಳಿಸುತ್ತದೆ. "ಇಷ್ಟು ವಿಚಾರಕ್ಕೆ ಕಾಲವೂ ಹಣವೂ ವ್ಯರ್ಥ" ಎಂಬುದು ಇನ್ನೊಂದು ಆಕ್ಷೇಪ. ಮೂಲೆಯಲ್ಲಿ ಧೂಳು ಹಿಡಿದ ಕಾಲಿನ ಬೆಲೆಯನ್ನು ಇವರು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ತೋರುತ್ತದೆ. ಇನ್ನು, ಜಯಪುರದ ಪಾದವು ನಿರ್ದೋಷವೆಂದೂ ಯಾರೂ ವಾದಿಸಬೇಕಾಗಿಲ್ಲ. ಕೈಕೆಲಸವಾದುದರಿಂದ ಒಂದೊಂದು ಕಡೆ ಒಂದೊಂದು ಗುಣವಾಗುವ ಭಯವುಂಟು. ಆದರೆ ಮೂಲದ ಪ್ರಶ್ನೆಯು ಸರಿಯಾಗಿದ್ದರೆ ದೋಷವನ್ನು ತಿದ್ದಬಹುದು. ಪ್ರಶ್ನೆಯೇ ತಪ್ಪಾದಲ್ಲಿ ತಿದ್ದುವುದೇನನ್ನು?

1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಯೋಗ್ಯವಾಗಿಯೇ ಸಂದಿತು. ಶರ್ಮರ ಹೆಸರನ್ನಾದರೋ ಬಲ್ಲವರು ಇಂದಿಗೂ ಕಡಿಮೆ. ಕೈಯ ಜ್ಞಾನವನ್ನು ಪುಸ್ತಕದ ಜ್ಞಾನಕ್ಕಿಂತ ಕೆಳಗಿಡುವ ಸಮಾಜವು ವಿನ್ಯಾಸವನ್ನು ಸುಣ್ಣದ ಬಳಿತವೆಂದು ತಿಳಿಯುವುದರಲ್ಲಿ ಆಶ್ಚರ್ಯವೇನು? ನಮ್ಮ ಶಿಲ್ಪವಿದ್ಯಾಶಾಲೆಗಳಲ್ಲಿ ವಿದ್ಯಾರ್ಥಿಯು ನಕ್ಷೆಯ ಹಲಗೆಯ ಮುಂದೆ ಕೂರುವುದಕ್ಕೆ ಮೊದಲು ಬಳಸುವವನ ಅಂಗಳದಲ್ಲಿ ಕೆಲವು ದಿನ ಕೂತು, ಅವನು ಹೇಗೆ ಏಳುತ್ತಾನೆ, ಹೇಗೆ ಬಾಗುತ್ತಾನೆ, ಏನನ್ನು ಹೇಳಲು ಸಂಕೋಚಪಡುತ್ತಾನೆ ಎಂಬುದನ್ನು ಅರಿತುಬರಲಿ. ಆಮೇಲೆ ಗೆರೆ ಎಳೆಯಲಿ.