ಸ್ಕಿಜೋಫ್ರೇನಿಯಾ ಮತ್ತು ಉರಿಯೂತ: ವಾಟ್ಸಾಪ್ ವಿಡಿಯೋ ಹೇಳದೇ ಬಿಟ್ಟ ಅರ್ಧ

ಕಳೆದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ತಮ್ಮನಿಗೆ ಸ್ಕಿಜೋಫ್ರೇನಿಯಾ. ನಾಲ್ಕು ವರ್ಷದಿಂದ ಮಾತ್ರೆ ತಗೋತಿದ್ದಾನೆ, ಕೆಲಸಕ್ಕೂ ಹೋಗ್ತಾನೆ. ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂದಿದೆ: ಈ ಕಾಯಿಲೆ ಅಂದ್ರೆ ಮೆದುಳಿನ ಉರಿಯೂತ ಅಂತ ವಿಜ್ಞಾನಿಗಳೇ ಒಪ್ಪಿದ್ದಾರೆ, ಮಾತ್ರೆ ಬಿಟ್ಟು ಅರಿಶಿನದ ಕ್ಯಾಪ್ಸೂಲ್ ತಗೊಳ್ಳಿ. ಅಮ್ಮ ಆಗಲೇ ಕ್ಯಾಪ್ಸೂಲ್ ತರಿಸಿದ್ದಾರೆ. "ಇದ್ರಲ್ಲಿ ಏನಾದ್ರೂ ನಿಜ ಇದ್ಯಾ ಮಾರಾಯ?" ಅಂದ.

ತೊಂದರೆ ಏನಂದ್ರೆ, ಅರ್ಧ ನಿಜ ಇದೆ.

ಸ್ಕಿಜೋಫ್ರೇನಿಯಾದಲ್ಲಿ ಕೆಟ್ಟಿರುವುದು ಮೆದುಳಿನ ಯಾವುದೋ ಒಂದು ಭಾಗವಲ್ಲ, ಭಾಗಗಳ ನಡುವಿನ ಮಾತುಕತೆ ಎಂಬ ವಾದವನ್ನು ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ 1995ರಲ್ಲೇ ಮುಂದಿಟ್ಟಿದ್ದರು. ಇಂಜಿನಿಯರಿಂಗ್ ಓದಿದ ನನಗೆ ತಕ್ಷಣ ಸರ್ಕ್ಯೂಟ್ ನೆನಪಾಗುತ್ತೆ. ಆದರೆ ಮೆದುಳು ತನ್ನ ವೈರುಗಳನ್ನು ತಾನೇ ಕತ್ತರಿಸಿಕೊಳ್ಳುವ ಸರ್ಕ್ಯೂಟು. ಹದಿಹರೆಯದಲ್ಲಿ ನರಕೋಶಗಳ ನಡುವಿನ ಬೇಡದ ಸಂಪರ್ಕಗಳನ್ನು ಅದು ಸವರಿ ಹಾಕುತ್ತೆ, ಗಿಡ ಸವರಿದ ಹಾಗೆ. ಈ ಕೆಲಸಕ್ಕೆ ಬಳಕೆಯಾಗುವುದು ರೋಗಾಣುಗಳಿಗೆ ಗುರುತು ಹಚ್ಚಿ ಕೊಲ್ಲಿಸುವ ಅದೇ ರೋಗನಿರೋಧಕ ಪ್ರೋಟೀನುಗಳು. 2016ರಲ್ಲಿ ಹಾರ್ವರ್ಡ್ ಮತ್ತು ಬ್ರಾಡ್ ಇನ್‌ಸ್ಟಿಟ್ಯೂಟ್ ವಿಜ್ಞಾನಿಗಳು ಅಂಥದ್ದೊಂದು ಪ್ರೋಟೀನಿನ ಜೀನ್, ಅಂದರೆ ಸಿ4, ಹೆಚ್ಚು ಚುರುಕಾಗಿರುವವರಲ್ಲಿ ಈ ಕಾಯಿಲೆಯ ಅಪಾಯ ತುಸು ಹೆಚ್ಚು ಎಂದು ತೋರಿಸಿದರು. ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಗೋ ಇಪ್ಪತ್ತರ ಹರೆಯದಲ್ಲೋ ಕಾಣಿಸಿಕೊಳ್ಳುವುದಕ್ಕೂ ಇದು ಹೊಂದುತ್ತೆ. ಇಂಗ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ, 9ನೇ ವಯಸ್ಸಿನಲ್ಲಿ ರಕ್ತದಲ್ಲಿ ಐಎಲ್-6 ಎಂಬ ಉರಿಯೂತದ ಸೂಚಕ ಹೆಚ್ಚಿದ್ದ ಮಕ್ಕಳಲ್ಲಿ 18ರ ಹೊತ್ತಿಗೆ ಸೈಕೋಸಿಸ್ ಹೆಚ್ಚು ಕಂಡಿತ್ತು.

ಹಾಗಾದ್ರೆ ಉರಿಯೂತ ತಗ್ಗಿಸಿದರೆ ಕಾಯಿಲೆ ಹೋಗಬೇಕಲ್ವಾ? ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಕಾಯಿಲೆ ಹೊಸದಾಗಿ ಶುರುವಾಗಿದ್ದ 207 ಜನರ ಮೇಲೆ ಬ್ರಿಟನ್ನಿನಲ್ಲಿ ಒಂದು ವರ್ಷ ಪ್ರಯೋಗ ನಡೆಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಕೆಲವರಿಗೆ ಉರಿಯೂತ ತಗ್ಗಿಸುವ ಮಿನೋಸೈಕ್ಲಿನ್, ಉಳಿದವರಿಗೆ ಬರೀ ಸಪ್ಪೆ ಮಾತ್ರೆ. 2018ರಲ್ಲಿ ಫಲಿತಾಂಶ ಬಂತು: ವ್ಯತ್ಯಾಸವೇ ಇಲ್ಲ. ಐಎಲ್-6 ಅನ್ನೇ ತಡೆಯುವ ಟೊಸಿಲಿಝುಮ್ಯಾಬ್ ಕೂಡ ಒಂದು ಸಣ್ಣ ಪ್ರಯೋಗದಲ್ಲಿ ಕೈಕೊಟ್ಟಿತು. ಉರಿಯೂತ ಎಲ್ಲ ರೋಗಿಗಳಲ್ಲೂ ಇಲ್ಲದಿರಬಹುದು, ಅಥವಾ ಹಾನಿ ಆಗಲೇ ಮುಗಿದಿರಬಹುದು. ಏನೇ ಆದರೂ, ಸುಳಿವು ಬೇರೆ, ಮದ್ದು ಬೇರೆ.

ಒಂದು ಅಪವಾದ ಗೊತ್ತಿರಲಿ. 2007ರಲ್ಲಿ ಜೋಸೆಪ್ ಡಾಲ್ಮೌ ತಂಡ ವಿವರಿಸಿದ ಒಂದು ಮೆದುಳಿನ ಉರಿಯೂತದಲ್ಲಿ, ದೇಹದ ಪ್ರತಿಕಾಯಗಳೇ ನರಕೋಶಗಳ ಎನ್‌ಎಂಡಿಎ ಗ್ರಾಹಕಗಳ ಮೇಲೆ ಬೀಳುತ್ತವೆ. ಮೇಲ್ನೋಟಕ್ಕೆ ಥೇಟ್ ಸೈಕೋಸಿಸ್. ಅದಕ್ಕೆ ರೋಗನಿರೋಧಕ ಚಿಕಿತ್ಸೆ ಕೊಟ್ಟರೆ ಬಹಳಷ್ಟು ಮಂದಿ ಚೇತರಿಸಿಕೊಳ್ತಾರೆ. ಆದರೆ ಅದು ಬೇರೆಯೇ ಕಾಯಿಲೆ. ಮೊದಲ ಸಲದ ಸೈಕೋಸಿಸ್ ಜೊತೆ ಜ್ವರ, ಫಿಟ್ಸ್, ವಿಚಿತ್ರ ಚಲನೆ ಕಂಡರೆ ವೈದ್ಯರಿಗೆ ತಡಮಾಡದೆ ಹೇಳಬೇಕು.

ಇಷ್ಟೆಲ್ಲ ಗೆಳೆಯನಿಗೆ ಹೇಳಿದೆ. ಅರಿಶಿನ ಸಾರಿಗೆ ಹಾಕಲಿ, ವೈದ್ಯರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್ಕಾರಿ ಆಸ್ಪತ್ರೆಲಿ ಎರಡು ತಿಂಗಳಿಂದ ಆ ಮಾತ್ರೆ ಬಂದಿಲ್ಲ ಕಣೋ, ಮೆಡಿಕಲ್‌ನಲ್ಲಿ ತರ್ತಿದೀವಿ. ಅಮ್ಮ ಆ ವಿಡಿಯೋ ನಂಬಿದ್ದು ಅದಕ್ಕೇ" ಅಂದ.

ಅಲ್ಲಿಗೆ ವಿಷಯ ನ್ಯೂರೋಸೈನ್ಸ್ ದಾಟಿ ರಾಜಕೀಯಕ್ಕೆ ಬಂತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸೈಕೋಸಿಸ್ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಆಮೇಲೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಅಗತ್ಯ ಪಟ್ಟಿಯ ಮಾತ್ರೆಗಳು ಎಲ್ಲ ಕಾಲದಲ್ಲೂ ಪುಕ್ಕಟೆ ಸಿಗಬೇಕು ಅನ್ನುತ್ತೆ. ಈ ಸೆಕ್ಷನ್ ಹೆಸರು ಹಾಕಿ ಆಸ್ಪತ್ರೆಯ ಆಡಳಿತಾಧಿಕಾರಿಗೆ ಅರ್ಜಿ ಕೊಡು, ಒಂದು ಪ್ರತಿ ಶಾಸಕರಿಗೂ ಕಳಿಸು ಅಂತ ಗೆಳೆಯನಿಗೆ ಹೇಳಿದ್ದೀನಿ. ಅರ್ಜಿ ಹೋಗಿದೆ, ಮಾತ್ರೆ ಇನ್ನೂ ಬಂದಿಲ್ಲ.